ಹೊಸ ಏರ್ ರೈಫಲ್ ಕೈಕೊಟ್ಟರೆ: ವಾರಂಟಿಯಲ್ಲಿ ಸರಿ ಮಾಡಿಸಿಕೊಳ್ಳುವ ಬಗೆ

ತಿಪಟೂರಿನ ನಮ್ಮ ಮನೆಯ ಹಿಂದೆ ಕೊಬ್ಬರಿ ಕೂಡಿಡುವ ಹಳೇ ಅಟ್ಟವಿದೆ. ಮೇಲೆ ಕಾಯಿ, ಕೆಳಗೆ ಉದ್ದಕ್ಕೆ ಖಾಲಿ ಜಾಗ. ಅಳೆದರೆ ಹನ್ನೆರಡು ಮೀಟರ್ ಚಿಲ್ಲರೆ. ಮಗಳು 10 ಮೀಟರ್ ಏರ್ ರೈಫಲ್ ಕಲಿಯಲು ಶುರು ಮಾಡಿದಾಗ ಆ ಜಾಗವೇ ಅವಳ ರೇಂಜ್ ಆಯಿತು. ಎರಡು ವರ್ಷ ಬೇರೆಯವರ ಹಳೇ ರೈಫಲ್‌ನಲ್ಲೇ ಹೊಡೆದಳು. ಆಮೇಲೆ ಒಂದು ವರ್ಷದ ಕೊಬ್ಬರಿ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಹೊಸದೊಂದು ಕೊಂಡೆವು. ಬಂದ ಮೂರನೇ ದಿನಕ್ಕೇ ಅದರ ಸಿಲಿಂಡರ್‌ನಲ್ಲಿ, ಅಂದರೆ ಗುಂಡು ಹಾರಿಸುವ ಗಾಳಿಯನ್ನು ಒತ್ತಿ ತುಂಬಿಡುವ ಕೊಳವೆಯಲ್ಲಿ, ಗಾಳಿ ನಿಲ್ಲುತ್ತಿಲ್ಲ ಅಂತ ಗೊತ್ತಾಯಿತು. ರಾತ್ರಿ 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತೋರಿಸಿದ ಗೇಜು ಬೆಳಗ್ಗೆ 120ಕ್ಕೆ ಇಳಿದಿತ್ತು.

ಅದನ್ನು ಸರಿ ಮಾಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ನಾನು ಅಂಗಡಿಗೆ ಫೋನ್ ಮಾಡಿ "ಸರಿ ಇಲ್ಲ ಸಾರ್, ಏನಾದ್ರೂ ಮಾಡಿ" ಅನ್ನುತ್ತಿದ್ದೆ. ಅವರು "ಹೊಸದು ಸಾರ್, ಹೊಡೀತಾ ಹೊಡೀತಾ ಸೆಟ್ ಆಗುತ್ತೆ" ಅನ್ನುತ್ತಿದ್ದರು. ಯಾವ ದಿನ ಮಗಳ ನೋಟ್‌ಬುಕ್ಕಿನ ಅಂಕಿಗಳನ್ನು ಸೇರಿಸಿ ಬರೆದು ಕಳಿಸಿದೆನೋ ಅವತ್ತಿನಿಂದ ಕೆಲಸ ನಡೆಯಿತು. ಈ ಬರಹದಲ್ಲಿ ನಾನು ಹೇಳಬೇಕಿರುವುದು ಮುಖ್ಯವಾಗಿ ಅದನ್ನೇ. "ಸರಿ ಇಲ್ಲ" ಅನ್ನೋ ದೂರಿಗೆ ಯಾರು ಬೇಕಾದರೂ ಏನು ಬೇಕಾದರೂ ಉತ್ತರ ಕೊಡಬಹುದು. "ಹನ್ನೆರಡು ಗಂಟೆಯಲ್ಲಿ 80 ಬಾರ್ ಇಳಿದಿದೆ" ಅನ್ನೋ ದೂರಿಗೆ ಹಾಗೆ ಆಗುವುದಿಲ್ಲ.

ಶುರು ಮಾಡುವ ಮುಂಚೆ ಕಾನೂನಿನ ಒಂದು ಮಾತು. ನಳಿಗೆಯ ಒಳಅಗಲ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದೆ, ಶಕ್ತಿ 20 ಜೂಲ್ ದಾಟದೆ ಇರುವ ಏರ್ ರೈಫಲ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. 10 ಮೀಟರ್ ಸ್ಪರ್ಧೆಯ ರೈಫಲ್ ಸುಮಾರು ಏಳೆಂಟು ಜೂಲ್‌ನಷ್ಟೇ ಇರುತ್ತದೆ. ಹಾಗಾಗಿ ರಿಪೇರಿಗೆ ಕಳಿಸುವುದು, ತರಿಸುವುದು ಸುಲಭ. ಮದ್ದುಗುಂಡಿನ ಲೈಸೆನ್ಸ್ ರೈಫಲ್ ಕಥೆಯೇ ಬೇರೆ. ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಪೆಟ್ಟಿಗೆ ಬಿಚ್ಚುವ ದಿನ

ಪೆಟ್ಟಿಗೆ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಹೊರಗಿನ ಸ್ಟಿಕ್ಕರ್, ಒಳಗಿನ ರೈಫಲ್‌ನ ನಂಬರ್, ಸಿಲಿಂಡರ್ ಮೇಲಿನ ನಂಬರ್, ಜೊತೆಗೆ ಬಂದ ಸಾಮಾನು ಎಲ್ಲವೂ ಅದರಲ್ಲಿ ಕಾಣಬೇಕು. ದಾರಿಯಲ್ಲಿ ಏಟು ಬಿದ್ದಿದೆಯೋ ಮೊದಲೇ ಹಾಗಿತ್ತೋ ಅನ್ನೋ ಜಗಳ ಆಮೇಲೆ ಬಂದರೆ ಈ ವಿಡಿಯೋ ಬಿಟ್ಟು ಬೇರೆ ಸಾಕ್ಷಿ ನಿಮ್ಮ ಹತ್ತಿರ ಇರುವುದಿಲ್ಲ.

ಬಿಲ್ಲಿನಲ್ಲಿ ಮಾಡೆಲ್ ಹೆಸರು ಮತ್ತು ರೈಫಲ್‌ನ ನಂಬರ್ ಎರಡೂ ಇರಲಿ. ಬರೀ "ಏರ್ ರೈಫಲ್ - 1" ಅಂತ ಬರೆದ ಬಿಲ್ಲು ವಾರಂಟಿಗೆ ಕೈಹಿಡಿಯುವುದಿಲ್ಲ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು, ತಾರೀಖು ಬಿದ್ದಿದೆಯಾ ನೋಡಿ. ನಮ್ಮ ಕಾರ್ಡಿನಲ್ಲಿ ತಾರೀಖಿನ ಜಾಗ ಖಾಲಿ ಇತ್ತು. ಅದನ್ನು ತುಂಬಿಸಿಕೊಳ್ಳಲು ಬೆಂಗಳೂರಿಗೆ ಒಂದು ಸಲ ಸುಮ್ನೆ ಓಡಾಡಿದೆ.

ಕಾರ್ಡ್ ಓದುವಾಗ ಮೂರು ವಿಷಯ ಹುಡುಕಿ. ವಾರಂಟಿ ಕೊಡುವವರು ಯಾರು? ತಯಾರಕರೋ, ವಿದೇಶದಿಂದ ತರಿಸಿದವರೋ, ಅಥವಾ ಅಂಗಡಿಯವರೋ? ಎರಡನೆಯದು, ಒಳಗೆ ಗಾಳಿ ಸೋರದಂತೆ ತಡೆಯುವ ಸೀಲು, ಓ-ರಿಂಗ್ ಅನ್ನೋ ರಬ್ಬರ್ ಬಳೆ, ಸ್ಪ್ರಿಂಗ್ ಅದರಲ್ಲಿ ಸೇರಿವೆಯಾ? ಇವನ್ನು ಸವೆಯುವ ಭಾಗ ಅಂತ ಹೊರಗಿಡುವುದು ಇದೆ. ಮೂರನೆಯದು, ರಿಪೇರಿಗೆ ಕಳಿಸುವ ಖರ್ಚು ಯಾರದು? ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಒಂದು ಕೇಳಿ. ಎಷ್ಟೋ ವಾರಂಟಿಗಳು ಮೊದಲು ಕೊಂಡವರಿಗೆ ಮಾತ್ರ.

ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಸಾಮಾನ್ಯವಾಗಿ ಅದರ ಆಯಸ್ಸು 10 ವರ್ಷ. ಅವಧಿ ಮುಗಿದ ಸಿಲಿಂಡರ್ ಹಿಡಿದು ಸ್ಪರ್ಧೆಗೆ ಇಳಿಯುವ ಹಾಗಿಲ್ಲ. ಹೊಸ ರೈಫಲ್ ಜೊತೆ ಮೂರ್ನಾಲ್ಕು ವರ್ಷ ಹಳೆಯ ಸಿಲಿಂಡರ್ ಬಂದಿದ್ದರೆ ಅಷ್ಟು ವರ್ಷದ ದುಡ್ಡು ನಿಮಗೆ ಹೋಯಿತು ಅಂತಲೇ ಅರ್ಥ. ಅವತ್ತೇ ಬರೆದು ಕೇಳಿ.

ಎರಡನೇ ಹೆಜ್ಜೆ: ತಪ್ಪು ರೈಫಲ್‌ದಾ, ಪೆಲೆಟ್‌ದಾ, ನಮ್ಮದಾ?

ಪೆಲೆಟ್ ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು. ಇಲ್ಲಿ ಸಮಯ ಕೊಡಿ. ಕೊಬ್ಬರಿ ಆಗಿದೆಯೋ ಇಲ್ಲವೋ ನೋಡಲು ನಮ್ಮೂರಲ್ಲಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ನೀರು ಕುಲುಕಿದರೆ ಇನ್ನೂ ಆಗಿಲ್ಲ, ಗಿಟುಕು ಲೊಟಲೊಟ ಅಂದರೆ ಆಗಿದೆ. ಒಡೆದು ನೋಡುವ ಅಗತ್ಯವಿಲ್ಲ. ರೈಫಲ್‌ನ ವಿಷಯದಲ್ಲೂ ಬಿಚ್ಚದೇನೇ ತಿಳಿಯುವ ಪರೀಕ್ಷೆಗಳಿವೆ.

ಗಾಳಿ ಸೋರಿಕೆ. ತುಂಬಿಸಿದ ತಕ್ಷಣ ಗೇಜು ನೋಡಿ ಬರೆಯಬೇಡಿ. ಗಾಳಿ ಒತ್ತಿ ತುಂಬುವಾಗ ಸಿಲಿಂಡರ್ ಬಿಸಿಯಾಗುತ್ತದೆ. ಆರಿದ ಮೇಲೆ ಒತ್ತಡ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಒಂದು ಗಂಟೆ ಬಿಟ್ಟು ಮೊದಲ ಅಂಕಿ ಬರೆಯಿರಿ. ಇಪ್ಪತ್ನಾಲ್ಕು ಗಂಟೆ ಆದಮೇಲೆ, ಅದೇ ಹೊತ್ತಿಗೆ, ಎರಡನೇ ಅಂಕಿ. ಅದೇ ಹೊತ್ತು ಯಾಕೆ ಅಂದರೆ, ಚಳಿಗಾಲದ ಮಧ್ಯಾಹ್ನ 30 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು ಮರುದಿನ ಬೆಳಗಿನ 15 ಡಿಗ್ರಿಗೆ 190 ಆಸುಪಾಸು ತೋರಿಸುತ್ತದೆ. ಒಂದು ಚೂರೂ ಸೋರದಿದ್ದರೂ ಹಾಗೆಯೇ. ಅದನ್ನು ಸೋರಿಕೆ ಅಂತ ದೂರು ಕೊಟ್ಟರೆ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ. ನಮ್ಮ 80 ಬಾರ್ ಇಳಿತ ಮಾತ್ರ ಯಾವ ಚಳಿಗೂ ಆಗುವಂಥದ್ದಲ್ಲ.

ಸೋರುತ್ತಿರುವುದು ಸಿಲಿಂಡರ್‌ನಲ್ಲೋ ರೈಫಲ್‌ನಲ್ಲೋ? ಮ್ಯಾಚ್ ರೈಫಲ್‌ಗಳಲ್ಲಿ, ಅಂದರೆ ಸ್ಪರ್ಧೆಯ ರೈಫಲ್‌ಗಳಲ್ಲಿ, ಸಾಮಾನ್ಯವಾಗಿ ಸಿಲಿಂಡರ್‌ಗೆ ತನ್ನದೇ ವಾಲ್ವ್, ಗೇಜು ಇರುತ್ತವೆ. ಗಾಳಿ ಇರುವಾಗಲೇ ತಿರುಗಿಸಿ ತೆಗೆಯಬಹುದು ಅಂತ ನಿಮ್ಮ ರೈಫಲ್‌ನ ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ಹೀಗೆ ಮಾಡಿ: ಒಂದು ರಾತ್ರಿ ಸಿಲಿಂಡರ್ ಬೇರೆ ಇಡಿ, ಇನ್ನೊಂದು ರಾತ್ರಿ ರೈಫಲ್‌ಗೆ ಹಾಕಿ ಇಡಿ. ಬೇರೆ ಇಟ್ಟಾಗ ನಿಂತು, ಹಾಕಿದಾಗ ಇಳಿದರೆ ಸೋರಿಕೆ ರೈಫಲ್ ಒಳಗೆ. ಎರಡರಲ್ಲೂ ಇಳಿದರೆ ಸಿಲಿಂಡರ್‌ನ ವಾಲ್ವನ್ನು ಮೊದಲು ಅನುಮಾನಿಸಬೇಕು. ನಮ್ಮದು ಎರಡನೆಯದು. ಇಷ್ಟು ಗೊತ್ತಾದ ಮೇಲೆ ಪೂರ್ತಿ ರೈಫಲ್ ಕಳಿಸದೆ ಸಿಲಿಂಡರ್ ಒಂದನ್ನೇ ಕಳಿಸಬಹುದಿತ್ತು. ಮಗಳ ಅಭ್ಯಾಸ ಬೇರೆ ಸಿಲಿಂಡರ್ ಹಾಕಿಕೊಂಡು ನಡೆಯುತ್ತಿತ್ತು.

ಸೇರುವೆಯ ಮೇಲೆ ಬ್ರಷ್ಷಿನಲ್ಲಿ ಸೋಪಿನ ನೊರೆ ಸವರಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ವಿಡಿಯೋ ಮಾಡಿಕೊಂಡು ತಕ್ಷಣ ಒರೆಸಿ. ರೈಫಲ್ಲನ್ನು ನೀರಿನಲ್ಲಿ ಮುಳುಗಿಸುವುದು ಬೇಡ. ಸಿಲಿಂಡರ್‌ಗೆ ಶುದ್ಧವಾದ ಒಣ ಗಾಳಿ ಬಿಟ್ಟು ಬೇರೇನೂ ತುಂಬಬೇಡಿ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅಂತೂ ಯಾವ ಕಾರಣಕ್ಕೂ ಬೇಡ. ಒತ್ತಡದ ಆಕ್ಸಿಜನ್‌ಗೆ ಒಳಗಿನ ಗ್ರೀಸು ತಾಗಿದರೆ ಸಿಡಿದು ಜೀವ ಹೋಗಬಹುದು.

ವೇಗ. ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಕ್ಲಬ್ಬಿನಲ್ಲೋ ಕೋಚ್ ಹತ್ತಿರವೋ ಸಿಗಬಹುದು. ಒಂದೇ ಡಬ್ಬಿಯ ಪೆಲೆಟ್‌ನಿಂದ ಹತ್ತು ಹೊಡೆತ ಹೊಡೆದು ಹತ್ತೂ ಅಂಕಿ ಬರೆಯಿರಿ. ಮ್ಯಾಚ್ ರೈಫಲ್‌ನಲ್ಲಿ ಸೆಕೆಂಡಿಗೆ ಸುಮಾರು 170 ಮೀಟರ್ ಬರುತ್ತದೆ. ಒಳ್ಳೆಯ ರೈಫಲ್ ಆದರೆ ಅತಿ ಜಾಸ್ತಿಗೂ ಅತಿ ಕಡಿಮೆಗೂ ಎರಡು ಮೂರು ಮೀಟರ್ ವ್ಯತ್ಯಾಸ ಇರುತ್ತದೆ ಅಷ್ಟೆ. ಹತ್ತು, ಹದಿನೈದು ಮೀಟರ್ ಏರಿಳಿತ ಕಂಡರೆ ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್ ಕೆಟ್ಟಿರಬಹುದು.

ಗುಂಪು, ಅಂದರೆ ಹೊಡೆದ ತೂತುಗಳು ಎಷ್ಟು ಹತ್ತಿರ ಬೀಳುತ್ತವೆ ಅನ್ನೋದು. ಟಾರ್ಗೆಟ್ ಕಾಗದದ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದರ ಮುಂದೆ ಸಣ್ಣ ದೋಷವೂ ದೊಡ್ಡದೇ. ಆದರೆ ಗುಂಪು ಚೆದುರಲು ರೈಫಲ್ಲೇ ಕಾರಣ ಆಗಬೇಕಿಲ್ಲ. ಮೊದಲು ಗುರಿ ನೋಡುವ ಸೈಟಿನ ಸ್ಕ್ರೂ, ಮರದ ಹಿಡಿಯ ಸ್ಕ್ರೂ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ. ರೈಫಲ್ಲನ್ನು ಮರಳಿನ ಚೀಲದ ಮೇಲೆ ಇಟ್ಟು ಐದೈದು ಹೊಡೆತದ ಗುಂಪು ಮಾಡಿ. ಕನಿಷ್ಠ ಮೂರು ಬಗೆಯ ಪೆಲೆಟ್‌ನಲ್ಲಿ. ಒಂದರಲ್ಲಿ ಐದೂ ಹೆಚ್ಚೂಕಡಿಮೆ ಒಂದೇ ತೂತಿಗೆ ಹೋಗಿ ಇನ್ನೊಂದರಲ್ಲಿ ಚೆದುರಿದರೆ ರೈಫಲ್ ಚೆನ್ನಾಗಿದೆ, ಆ ಪೆಲೆಟ್ ಅದಕ್ಕೆ ಒಗ್ಗುತ್ತಿಲ್ಲ. ಮೂರರಲ್ಲೂ ಚೆದುರಿದರೆ, ಅದೂ ಇಬ್ಬರು ಬೇರೆ ಬೇರೆಯವರು ಹೊಡೆದಾಗಲೂ ಚೆದುರಿದರೆ, ಆಗ ದೂರು ಕೊಡಿ. ಆ ಟಾರ್ಗೆಟ್ ಕಾಗದಗಳನ್ನು ತಾರೀಖು ಬರೆದು ಎತ್ತಿಡಿ.

ಟ್ರಿಗರ್. ಮುಟ್ಟದೇ ಗುಂಡು ಹಾರಿದರೆ, ಅಥವಾ ಪೆಲೆಟ್ ಇಟ್ಟು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಮುಚ್ಚುವಾಗಲೇ ಹಾರಿದರೆ, ಅಲ್ಲಿಗೇ ನಿಲ್ಲಿಸಿ. "ಇನ್ನೊಂದ್ಸಲ ನೋಡೋಣ" ಅನ್ನಬೇಡಿ. ನಳಿಗೆ ಗೋಡೆಯ ಕಡೆಗಿರಲಿ, ಪೆಲೆಟ್ ತೆಗೆಯಿರಿ, ಗಾಳಿ ಬಿಡಿ, ಪೆಟ್ಟಿಗೆಗೆ ಹಾಕಿ. ಇದಕ್ಕೆ ಅಂಕಿ ಬೇಡ, ವಿಡಿಯೋ ಬೇಡ, ಒಂದೇ ಸಲ ಆದದ್ದೇ ಸಾಕು.

ಸಿಲಿಂಡರ್ ಇಲ್ಲದೆ ಸ್ಪ್ರಿಂಗ್ ಬಲದಲ್ಲೇ ಗಾಳಿ ಒತ್ತುವ ಸ್ಪ್ರಿಂಗ್ ರೈಫಲ್ ಇರುವವರಿಗೆ ಎರಡು ಮಾತು. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ಸೀಲು ಹಾಳಾಗುತ್ತದೆ. ನಳಿಗೆಗೆ ಅಡುಗೆ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬಿಡಬೇಡಿ. ಒತ್ತಡದ ಬಿಸಿಗೆ ಎಣ್ಣೆ ಹೊತ್ತಿಕೊಂಡು ಹೊಗೆ, ಜೋರು ಸದ್ದು ಬರುತ್ತದೆ. ರಿಪೇರಿಯವರು ಬಿಚ್ಚಿದ ಕೂಡಲೇ ಇವೆರಡನ್ನೂ ಗುರುತು ಹಿಡಿಯುತ್ತಾರೆ. ವಾರಂಟಿ ಅಲ್ಲಿಗೆ ಮುಗಿಯಿತು.

ಮೂರನೇ ಹೆಜ್ಜೆ: ಬಿಚ್ಚಬೇಡಿ

ನಮ್ಮ ಕಡೆ ಮೋಟಾರು, ಪಂಪು ರಿಪೇರಿ ಮಾಡುವ ಒಳ್ಳೊಳ್ಳೆ ಕೈಗಳಿವೆ. "ಒಂದು ಓ-ರಿಂಗ್ ತಾನೇ, ಐದು ನಿಮಿಷ" ಅಂತ ಸ್ನೇಹಿತರೊಬ್ಬರು ನನಗೂ ಹೇಳಿದರು. ಅವರ ಕೆಲಸದ ಮೇಲೆ ನನಗೆ ನಂಬಿಕೆ ಇದೆ. ಆದರೂ ಕೊಡಲಿಲ್ಲ. ಒಂದು ಸ್ಕ್ರೂ ತಲೆಯ ಮೇಲೆ ಗೀರು ಬಿದ್ದರೂ "ಹೊರಗೆ ಬಿಚ್ಚಿಸಿದ್ದೀರಿ" ಅನ್ನಲು ದಾರಿಯಾಗುತ್ತದೆ. ಜೊತೆಗೆ 200 ಬಾರ್ ಗಾಳಿ ಇರುವ ವಸ್ತು ಅದು. ಕಾರಿನ ಟೈರಿನಲ್ಲಿ ಇರುವುದು ಎರಡೂ ಚಿಲ್ಲರೆ ಬಾರ್.

ನಾಲ್ಕನೇ ಹೆಜ್ಜೆ: ಬರೆಯಿರಿ

ಫೋನ್ ಮಾಡಬಾರದು ಅಂತಲ್ಲ. ಫೋನ್ ಇಟ್ಟ ಮೇಲೆ "ಈಗ ತಾವು ಹೇಳಿದ್ದು ಇಷ್ಟು" ಅಂತ ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಎರಡು ಸಾಲು ಹಾಕಿ. ನಿಜವಾದ ದೂರು ಇಮೇಲ್‌ನಲ್ಲೇ ಹೋಗಲಿ, ಅಂಗಡಿಗೂ ತಯಾರಕರಿಗೂ ಒಟ್ಟಿಗೇ. ಅಂಗಡಿಯವರಿಗೆ ಮಾತ್ರ ಬರೆದರೆ ಅದು ಅವರ ಮೇಜು ದಾಟಿ ಹೋಗಿದೆಯೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ನಾನು ಬರೆದದ್ದು ಹೆಚ್ಚೂಕಡಿಮೆ ಹೀಗಿತ್ತು:

"ತಮ್ಮಲ್ಲಿ ಇಂಥ ತಾರೀಖು, ಇಂಥ ಬಿಲ್ ನಂಬರಿನಲ್ಲಿ ಕೊಂಡ ಈ ಮಾಡೆಲ್, ಈ ನಂಬರಿನ ಏರ್ ರೈಫಲ್‌ನ ಸಿಲಿಂಡರ್ ಸೋರುತ್ತಿದೆ. ಇದು ಮೊದಲು ಕಂಡದ್ದು ಕೊಂಡ ಮೂರನೇ ದಿನ. ಆರು ದಿನದ ಅಳತೆ ಕೆಳಗಿದೆ. ಸಿಲಿಂಡರನ್ನು ರೈಫಲ್‌ನಿಂದ ಬೇರೆ ಇಟ್ಟಾಗಲೂ ಒತ್ತಡ ಇಳಿಯುತ್ತಿದೆ. ಗುಳ್ಳೆ ಏಳುವ ವಿಡಿಯೋ ಲಗತ್ತಿಸಿದ್ದೇನೆ. ರೈಫಲ್ಲನ್ನು ನಾವು ಬಿಚ್ಚಿಲ್ಲ, ಬೇರೆಯವರಿಂದ ಬಿಚ್ಚಿಸಿಲ್ಲ. ವಾರಂಟಿಯಲ್ಲಿ ದುರಸ್ತಿ ಮಾಡಿ ಅಥವಾ ಸಿಲಿಂಡರ್ ಬದಲಿಸಿ ಕೊಡಿ. ಎಲ್ಲಿಗೆ, ಹೇಗೆ ಕಳಿಸಬೇಕು, ಎಷ್ಟು ದಿನ ಆಗುತ್ತದೆ ಎಂದು ಏಳು ದಿನದೊಳಗೆ ತಿಳಿಸಿ."

ಬೈಗುಳ ಬೇಡ, "ಕೋರ್ಟಿಗೆ ಹೋಗ್ತೀನಿ" ಕೂಡ ಈಗಲೇ ಬೇಡ. ನಿಮಗೆ ಬೇಕಾದದ್ದು ಏನು ಅನ್ನೋದನ್ನು ಮಾತ್ರ ಸ್ಪಷ್ಟವಾಗಿ ಕೇಳಿ. ಹೊಸದಾಗಿ ಬಂದ ವಾರದೊಳಗೇ ಕೆಟ್ಟಿದ್ದರೆ ದುರಸ್ತಿ ಬೇಡ, ಬದಲಿ ಬೇಕು ಅಂತಲೇ ಕೇಳಬಹುದು. ನಾನು ಕೇಳಲಿಲ್ಲ, ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಐದನೇ ಹೆಜ್ಜೆ: ಕಳಿಸುವುದು

ಸಾಧ್ಯವಾದರೆ ಕೈಯಲ್ಲೇ ಒಯ್ದು ಕೊಡಿ. ತಿಪಟೂರಿನಿಂದ, ತುಮಕೂರಿನಿಂದ ಬೆಂಗಳೂರಿಗೆ ರೈಲಿದೆ. ಒಂದು ದಿನದ ಕೆಲಸ ಬಿಟ್ಟರೂ ನಷ್ಟವಿಲ್ಲ. ಎದುರಿಗೇ ಗೇಜು ತೋರಿಸಬಹುದು, ಜಾಬ್ ಶೀಟ್, ಅಂದರೆ ರಿಪೇರಿಗೆ ತೆಗೆದುಕೊಂಡ ಚೀಟಿ, ಬರೆಸಿಕೊಳ್ಳಬಹುದು. ಕೊರಿಯರ್ ಮಾಡಲೇಬೇಕಾದರೆ ಒಳಗೆ ಏನಿದೆ ಅಂತ ಮೊದಲೇ ಹೇಳಿ, ಒಪ್ಪುತ್ತಾರಾ ಕೇಳಿ. ಸಿಲಿಂಡರ್‌ನ ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದ ರೀತಿ ಪೂರ್ತಿ ಖಾಲಿ ಮಾಡಿ. ಸೈಟು, ಪಟ್ಟಿ, ನೀವೇ ಹಾಕಿಸಿದ ಬಿಡಿಭಾಗ ಎಲ್ಲ ಮನೆಯಲ್ಲೇ ಇರಲಿ. ದೂರಿನ ಒಂದು ಪ್ರತಿ ಪೆಟ್ಟಿಗೆಯೊಳಗೆ ಹಾಕಿ. ಬೆಲೆಯಷ್ಟಕ್ಕೂ ಇನ್ಶೂರೆನ್ಸ್ ಮಾಡಿಸಿ.

ಜಾಬ್ ಶೀಟಿನಲ್ಲಿ ದೋಷ ಏನು ಅಂತ ನಿಮ್ಮ ಮಾತಿನಲ್ಲೇ ಬರೆಸಿ. "ಜನರಲ್ ಸರ್ವಿಸ್" ಅಂತ ಬರೆದರೆ ತಿದ್ದಿಸಿ. ಇದು ತುಂಬಾ ಮುಖ್ಯ. ಇಲ್ಲದಿದ್ದರೆ ಮುಂದೆ ಮೂರು ಸಲ ಹೋಗಿ ಬಂದರೂ ದಾಖಲೆಯಲ್ಲಿ ಅದು ಬರೀ ಸರ್ವಿಸ್, ದೋಷವೇ ಅಲ್ಲ ಅಂತ ಆಗಿಬಿಡುತ್ತದೆ.

ಆರನೇ ಹೆಜ್ಜೆ: ವಾಪಸ್ ಬಂದ ಮೇಲೆ

ನಮ್ಮದು ಐದು ವಾರ ಬಿಟ್ಟು ಬಂತು. ಜೊತೆಗೊಂದು ಚೀಟಿ: "ಪರೀಕ್ಷಿಸಲಾಗಿದೆ, ಸರಿಯಿದೆ." ಅವತ್ತು ರಾತ್ರಿಯೇ ತುಂಬಿಸಿ ಇಟ್ಟೆವು. ಬೆಳಗ್ಗೆ ಮಗಳು ಅಟ್ಟದ ಕೆಳಗಿನಿಂದ ಬಂದು ಏನೂ ಹೇಳದೆ ನೋಟ್‌ಬುಕ್ ನನ್ನ ಮುಂದೆ ಇಟ್ಟಳು. 125. ಆ ತಿಂಗಳು ಅವಳು ಹೋಗಬೇಕಿದ್ದ ಸ್ಪರ್ಧೆ ತಪ್ಪಿತು. ದುಡ್ಡು ಇನ್ನೊಂದು ಬೆಳೆಗೆ ಬರುತ್ತದೆ, ಹದಿನೇಳನೇ ವಯಸ್ಸಿನ ಒಂದು ಸೀಸನ್ ತಿರುಗಿ ಬರುವುದಿಲ್ಲ ಅಲ್ವಾ? ಇದೆಲ್ಲ ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಹಾಗಾಗಿ ವಾಪಸ್ ಬಂದ ದಿನವೇ ಎರಡನೇ ಹೆಜ್ಜೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿ. ಯಾವ ಭಾಗ ಬದಲಿಸಿದರು ಅಂತ ಬರೆದು ಕೊಡಲು ಹೇಳಿ. ಬದಲಿಸಿದ ಭಾಗಕ್ಕೆ ವಾರಂಟಿ ಎಲ್ಲಿಯವರೆಗೆ ಅಂತಲೂ ಕೇಳಿ. ದೋಷ ಹಾಗೇ ಇದ್ದರೆ ಹಳೇ ದೂರಿನ ಇಮೇಲ್‌ಗೇ ಉತ್ತರವಾಗಿ ಬರೆಯಿರಿ, ಹೊಸ ದೂರು ಶುರು ಮಾಡಬೇಡಿ. ಒಂದೇ ಎಳೆಯಲ್ಲಿ ಎಲ್ಲ ತಾರೀಖು ಇದ್ದರೆ ಓದುವವರಿಗೆ ವಿಳಂಬ ತಾನಾಗಿ ಕಾಣುತ್ತದೆ. ನಾವು ಎರಡನೇ ಸಲ ಬದಲಿ ಸಿಲಿಂಡರ್ ಬಿಟ್ಟು ಬೇರೇನೂ ಬೇಡ ಅಂತ ಬರೆದೆವು. ಮೂರು ವಾರಕ್ಕೆ ಹೊಸ ಸಿಲಿಂಡರ್ ಬಂತು. ಅದು ಇವತ್ತಿಗೂ ಗಟ್ಟಿಯಾಗಿದೆ.

ಏಳನೇ ಹೆಜ್ಜೆ: ಮಾತು ಮುಗಿದ ಮೇಲೆ

ಉತ್ತರವೇ ಬರದಿದ್ದರೆ, ಅಥವಾ ಎರಡು ಸಲ ಹೋಗಿ ಬಂದರೂ ಸರಿಯಾಗದಿದ್ದರೆ, 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಆದರೆ ಎಷ್ಟೋ ವಿಷಯ ಇಲ್ಲಿಗೇ ಬಗೆಹರಿಯುತ್ತವೆ.

ಆಗಲೂ ಆಗದಿದ್ದರೆ ಹದಿನೈದು ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಮ್ಮಂಥವರಿಗೆ ದೊಡ್ಡ ಅನುಕೂಲ ಆಗಿದೆ. ಅಂಗಡಿ ಬೆಂಗಳೂರಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ತಿಪಟೂರಿನವರು ತುಮಕೂರಿಗೆ, ಶ್ರೀನಿವಾಸಪುರದವರು ಕೋಲಾರಕ್ಕೆ, ಬಾಗೇಪಲ್ಲಿಯವರು ಚಿಕ್ಕಬಳ್ಳಾಪುರಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. 5 ಲಕ್ಷದವರೆಗೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ, ನಿಮ್ಮ ಮಾತು ನೀವೇ ಆಡಬಹುದು. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ದೂರು ಹಾಕಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಕಾಶ. "ಇವತ್ತು ನಾಳೆ" ಅನ್ನುವವರ ಮಾತು ಕೇಳಿ ಅದನ್ನು ಕಳೆಯಬೇಡಿ.

ಆಯೋಗ ದೋಷ ಸರಿಪಡಿಸಿ ಅನ್ನಬಹುದು, ಬದಲಿ ಕೊಡಿ ಅನ್ನಬಹುದು, ದುಡ್ಡು ವಾಪಸ್ ಕೊಡಿಸಬಹುದು, ಪರಿಹಾರವನ್ನೂ ಸೇರಿಸಬಹುದು. ಪರೀಕ್ಷೆ ಇಲ್ಲದೆ ದೋಷ ಗೊತ್ತಾಗದು ಅನ್ನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಕಾಯ್ದೆಯ ಪ್ರಕಾರ ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕು. ಇನ್ನೂ ಜಾಸ್ತಿ ಹಿಡಿಯಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಲೈಸೆನ್ಸ್ ರೈಫಲ್ ಇರುವವರಿಗೆ

ಬೆಳೆ ಕಾವಲಿಗೋ ಆತ್ಮರಕ್ಷಣೆಗೋ ಲೈಸೆನ್ಸ್ ಪಡೆದು ಹೊಸ ರೈಫಲ್ ಕೊಂಡವರೂ ಮೇಲಿನ ಹಾದಿಯನ್ನೇ ಹಿಡಿಯಬಹುದು. ಕೆಲವು ಕಡೆ ಮಾತ್ರ ಎಚ್ಚರ ಬೇಕು. ಗುಂಡು ಹಾರದೆ ಉಳಿದರೆ ತಕ್ಷಣ ಬೋಲ್ಟ್ ತೆರೆಯಬೇಡಿ. ನಳಿಗೆಯನ್ನು ಸುರಕ್ಷಿತ ಕಡೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ. ಸದ್ದು ಸಣ್ಣದಾಗಿ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಇನ್ನೊಂದು ಹೊಡೆಯಲೇಬೇಡಿ.

1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು. ಊರಿನ ಕುಲುಮೆಯಲ್ಲಿ, ಲೇತ್ ಅಂಗಡಿಯಲ್ಲಿ ಕೈ ಹಾಕಿಸಿದರೆ ವಾರಂಟಿ ಹೋಗುವುದು ಸಣ್ಣ ಮಾತು, ಕೇಸು ಬೀಳುತ್ತದೆ. ಕೊಂಡ ಡೀಲರ್ ಹತ್ತಿರವೇ ಹೋಗಿ. ಲೈಸೆನ್ಸ್ ಪುಸ್ತಕ ಜೊತೆಗಿರಲಿ. ನಿಮಗೆ ಹೋಗಲಾಗದಿದ್ದರೆ, ರಿಪೇರಿಗೆ ಒಯ್ಯಲು ಇನ್ನೊಬ್ಬರಿಗೆ ನೀವು ಲಿಖಿತ ಒಪ್ಪಿಗೆ ಕೊಡಬಹುದು ಅಂತ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಲದು. ಆ ಚೀಟಿಯಲ್ಲಿ ರೈಫಲ್‌ನ ನಂಬರ್, ಲೈಸೆನ್ಸ್ ನಂಬರ್, ಒಯ್ಯುವವರ ಹೆಸರು, ಡೀಲರ್ ಹೆಸರು, ತಾರೀಖು ಬರೆಯಿರಿ. ಡೀಲರ್ ಹತ್ತಿರ ಬಿಟ್ಟು ಬರುವಾಗ ನಂಬರ್ ಸಮೇತ ರಸೀದಿ ಪಡೆಯಿರಿ. ರೈಫಲ್ ಎಲ್ಲಿ ಅಂತ ಪೊಲೀಸರು ಕೇಳಿದರೆ ತೋರಿಸಲು ಅದೇ ದಾಖಲೆ.

ಡೀಲರ್ ಬದಲಿ ರೈಫಲ್ ಕೊಡಲು ಒಪ್ಪಿದರೆ ಸಂತೋಷದಲ್ಲಿ ಹೊತ್ತುಕೊಂಡು ಬಂದುಬಿಡಬೇಡಿ. ಬದಲಿಗೆ ಬೇರೆ ನಂಬರ್ ಇರುತ್ತದೆ, ನಿಮ್ಮ ಲೈಸೆನ್ಸಿನಲ್ಲಿರುವುದು ಹಳೇ ನಂಬರ್. ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಲೈಸೆನ್ಸಿನಲ್ಲಿ ಹೊಸ ನಂಬರ್ ದಾಖಲಾಗುವ ವ್ಯವಸ್ಥೆ ಮಾಡಿಕೊಂಡು ಆಮೇಲೆ ತನ್ನಿ. ಚುನಾವಣೆ ಹೊತ್ತಿನಲ್ಲಿ ಆಯುಧ ಠೇವಣಿ ಇಡಲು ಆದೇಶ ಬಂದರೆ ವಾರಂಟಿಯ ದಿನಗಳು ಠಾಣೆಯಲ್ಲೇ ಕಳೆಯುತ್ತವೆ. ದೋಷ ಕಂಡಿದ್ದರೆ ಠೇವಣಿ ಇಡುವ ಮುಂಚೆಯೇ ಡೀಲರ್‌ಗೆ ಬರೆದು ತಿಳಿಸಿ. ಠಾಣೆಯ ರಸೀದಿಯನ್ನು ವಾರಂಟಿ ಕಾರ್ಡಿನ ಜೊತೆಗೇ ಪಿನ್ ಮಾಡಿ ಇಡಿ.